ಒಂದೇ ಶಾಲೆ, ಹಲವು ಕೇರಿಯ ಮಕ್ಕಳು

ನಿಮ್ಮ ಊರಿನ ಶಾಲೆಯ ಮೊದಲ ಗಂಟೆ ಹೊಡೆಯುವ ಹೊತ್ತಿಗೆ ಒಂದು ದಿನ ಬಾಗಿಲ ಬಳಿ ನಿಂತು ನೋಡಿರಿ. ಊರ ನಡುವಿನ ಬೀದಿಯಿಂದ, ನಾಯಕರ ಕೇರಿಯಿಂದ, ಗೊಲ್ಲರ ಹಟ್ಟಿಯಿಂದ, ಕುರುಬರ ಓಣಿಯಿಂದ, ಪರಿಶಿಷ್ಟರ ಕಾಲೋನಿಯಿಂದ, ಮುಸಲ್ಮಾನರ ಬೀದಿಯಿಂದ, ಹತ್ತಿರದಲ್ಲಿ ತಾಂಡಾ ಇದ್ದರೆ ಅಲ್ಲಿಂದಲೂ ಮಕ್ಕಳು ಚೀಲ ಹೊತ್ತು ಬರುತ್ತಾರೆ. ಮನೆಯಲ್ಲಿ ಒಬ್ಬ ಕನ್ನಡ ಆಡುತ್ತಾನೆ, ಒಬ್ಬಳು ಉರ್ದು ಆಡುತ್ತಾಳೆ, ಮತ್ತೊಬ್ಬನದು ಲಂಬಾಣಿ, ಮಗದೊಬ್ಬಳದು ತೆಲುಗು. ಊರಿನ ಮದುವೆಯ ಪಂಕ್ತಿಯಲ್ಲಿ ಇವರೆಲ್ಲರ ತಂದೆತಾಯಿಗಳು ಒಟ್ಟಿಗೆ ಕೂಡುವುದು ಅಪರೂಪ. ಎಲ್ಲ ಕೇರಿಯವರೂ ತಮ್ಮ ಮಕ್ಕಳನ್ನು ದಿನಕ್ಕೆ ಐದಾರು ತಾಸು ಒಂದೇ ಸೂರಿನ ಕೆಳಗೆ ಬಿಟ್ಟು ಹೋಗುವ ಸ್ಥಳ ಊರಿನಲ್ಲಿ ಯಾವುದಾದರೂ ಇದ್ದರೆ ಅದು ಶಾಲೆ ಮಾತ್ರ.

ನಮ್ಮ ಚಿತ್ರದುರ್ಗ ಜಿಲ್ಲೆ ಈ ವಿಷಯದಲ್ಲಿ ಬಹಳ ಬೆರಕೆಯ ಜಿಲ್ಲೆ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 16 ಲಕ್ಷ 59 ಸಾವಿರ. ಅದರಲ್ಲಿ ನೂರಕ್ಕೆ ಸುಮಾರು 23 ಮಂದಿ ಪರಿಶಿಷ್ಟ ಜಾತಿಯವರು, 18 ಮಂದಿ ಪರಿಶಿಷ್ಟ ಪಂಗಡದವರು. ಉಳಿದವರಲ್ಲಿ ಲಿಂಗಾಯಿತರು, ಕುರುಬರು, ಗೊಲ್ಲರು, ಒಕ್ಕಲಿಗರು, ರೆಡ್ಡಿಗಳು, ಮುಸಲ್ಮಾನರು, ಇನ್ನೂ ಎಷ್ಟೋ ಸಮುದಾಯದವರು ಇದ್ದಾರೆ. ಇಷ್ಟು ಬಗೆಯ ಮನೆಗಳಿಂದ ಬಂದ ಮಕ್ಕಳನ್ನು ಒಂದು ಕೊಠಡಿಯಲ್ಲಿ ಕೂರಿಸಿ ಪಾಠ ಹೇಳುವ ಉಪಾಧ್ಯಾಯರ ಕೆಲಸ ಹಗುರವಾದುದಲ್ಲ.

ಮಕ್ಕಳಿಗೆ ಪರಸ್ಪರ ಗೌರವ ಕಲಿಸಬೇಕೆಂದರೆ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಗಾಂಧಿ ಜಯಂತಿಯ ದಿನ ಒಂದು ಭಾಷಣ, ಸ್ವಾತಂತ್ರ್ಯೋತ್ಸವದ ದಿನ ನಾಲ್ಕು ಮಕ್ಕಳಿಗೆ ನಾಲ್ಕು ಮತಗಳ ವೇಷ, ಒಂದು ಹಾಡು. ಇವು ತಪ್ಪಲ್ಲ. ಆದರೆ ಭಾಷಣ ಮುಗಿದು ಮಕ್ಕಳು ಕೊಠಡಿಗೆ ಮರಳಿದ ಮೇಲೆ ಯಾರ ಪಕ್ಕದಲ್ಲಿ ಯಾರು ಕೂಡುತ್ತಾರೆ, ನೀರಿನ ಬಿಂದಿಗೆಯನ್ನು ಯಾರು ಮುಟ್ಟುತ್ತಾರೆ, ಕಸಬರಿಗೆ ಯಾರ ಕೈಗೆ ಬರುತ್ತದೆ, ಇವುಗಳಿಂದ ಕಲಿಯುವುದೇ ಅವರಿಗೆ ಉಳಿಯುವ ಪಾಠ. ಮಗು ನಾವು ಹೇಳಿದ್ದನ್ನು ಮರೆಯುತ್ತದೆ. ನಾವು ಮಾಡಿದ ಏರ್ಪಾಟನ್ನು ಮರೆಯುವುದಿಲ್ಲ.

ಶಾಲೆಯ ಬಾಗಿಲು ಎಲ್ಲರಿಗೂ ತೆರೆದದ್ದು ತಾನೇ ತಾನಾಗಿ ಅಲ್ಲವೆಂಬುದನ್ನೂ ನೆನಪಿಡಬೇಕು. ಹಳೆಯ ಮೈಸೂರು ಸಂಸ್ಥಾನದಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಬಹುಕಾಲ ಬೇರೆಯೇ ಶಾಲೆಗಳಿದ್ದವು. 1910ರ ದಶಕದಲ್ಲಿ, ಸಿ. ಆರ್. ರೆಡ್ಡಿಯವರು ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದ ಕಾಲಕ್ಕೆ, ಸರ್ಕಾರಿ ಶಾಲೆಗಳನ್ನು ಎಲ್ಲ ಜಾತಿಯ ಮಕ್ಕಳಿಗೂ ತೆರೆಯಬೇಕೆಂಬ ಕ್ರಮ ಜಾರಿಗೆ ಬಂದಿತು. ಅದಕ್ಕೆ ವಿರೋಧ ಬಲವಾಗಿಯೇ ಇತ್ತು. ಆಮೇಲೆ 1950ರ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು; 1955ರ ಕಾನೂನು ಅದರ ಆಚರಣೆಗೆ ಶಿಕ್ಷೆ ವಿಧಿಸಿತು. ಬಾಗಿಲು ತೆರೆಯುವ ಕೆಲಸವನ್ನು ಕಾನೂನು ಮಾಡಿತು. ಒಳಗೆ ಬಂದ ಮಗು ಎಲ್ಲಿ ಕೂಡಬೇಕೆಂಬುದನ್ನು ಮಾತ್ರ ಇಂದಿಗೂ ಉಪಾಧ್ಯಾಯರೂ ಊರಿನವರೂ ನಿರ್ಧರಿಸುತ್ತಾರೆ.

ಆದುದರಿಂದ ಕೂಡುವ ಜಾಗದಿಂದಲೇ ಆರಂಭಿಸೋಣ. ಮಕ್ಕಳನ್ನು ಅವರ ಪಾಡಿಗೆ ಬಿಟ್ಟರೆ ಒಂದೇ ಓಣಿಯವರು ಒಂದೇ ಕಡೆ ಕೂಡುತ್ತಾರೆ. ಇದು ಕೆಟ್ಟತನವಲ್ಲ, ಪರಿಚಯದ ಸೆಳೆತ. ಆದರೆ ವರ್ಷವೆಲ್ಲ ಹೀಗೇ ನಡೆದರೆ ಕೊಠಡಿಯಲ್ಲಿ ಊರಿನ ನಕ್ಷೆಯೇ ಮೂಡುತ್ತದೆ: ಮುಂದಿನ ಸಾಲು ಊರೊಳಗಿನವರದು, ಬಾಗಿಲ ಬಳಿ ಹಟ್ಟಿಯವರದು, ಗೋಡೆಯ ಬದಿ ಕಾಲೋನಿಯವರದು. ಎರಡು ವಾರಕ್ಕೊಮ್ಮೆ ಚೀಟಿ ಎತ್ತಿ ಜಾಗ ಬದಲಿಸಿದರೆ ಸಾಕು. ಇದಕ್ಕೆ ಖರ್ಚಿಲ್ಲ, ಭಾಷಣವೂ ಬೇಕಿಲ್ಲ. ಚೀಟಿಯಿಂದ ಆದುದಕ್ಕೆ ಯಾವ ಪೋಷಕರೂ ಉಪಾಧ್ಯಾಯರನ್ನು ದೂರಲಾರರು. ಶಾಲೆಯ ಕೆಲಸಗಳಿಗೂ ಇದೇ ಕ್ರಮ ನಡೆಯಬೇಕು. ಕಸ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ಉಪಾಧ್ಯಾಯರಿಗೆ ನೀರು ತಂದುಕೊಡುವುದು, ಗಂಟೆ ಹೊಡೆಯುವುದು, ಪ್ರಾರ್ಥನೆ ನಡೆಸುವುದು, ಎಲ್ಲಕ್ಕೂ ಸರದಿಯ ಪಟ್ಟಿ ಗೋಡೆಯ ಮೇಲಿರಲಿ. ಪಟ್ಟಿ ಇಲ್ಲದ ಶಾಲೆಗಳಲ್ಲಿ ಕಸಬರಿಗೆ ಒಂದು ಕೇರಿಯ ಮಕ್ಕಳ ಕೈಗೂ ಗಂಟೆಯ ಕೋಲು ಇನ್ನೊಂದು ಕೇರಿಯ ಮಕ್ಕಳ ಕೈಗೂ ಹೇಗೋ ಹೋಗಿ ಸೇರುತ್ತವೆ. ಯಾರೂ ಹಾಗೆ ಆಜ್ಞೆ ಮಾಡಿರುವುದಿಲ್ಲ. ಶೌಚಾಲಯ ತೊಳೆಯುವ ಕೆಲಸವನ್ನಂತೂ ಯಾವ ಮಗುವಿಗೂ ಹೇಳಕೂಡದು.

ಮಧ್ಯಾಹ್ನದ ಊಟದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಬಿಸಿಯೂಟ ಕೊಡಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹವು 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಮೊದಲಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂದಿತು. 2004ರಲ್ಲಿ ಅದೇ ನ್ಯಾಯಾಲಯವು ಅಡುಗೆಯವರನ್ನೂ ಸಹಾಯಕರನ್ನೂ ನೇಮಿಸುವಾಗ ದಲಿತರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಆದ್ಯತೆ ಕೊಡಬೇಕೆಂದು ಹೇಳಿತು. ಇದರ ಉದ್ದೇಶ ಹೊಟ್ಟೆ ತುಂಬಿಸುವುದಷ್ಟೇ ಆಗಿರಲಿಲ್ಲ. ಒಂದೇ ಪಾತ್ರೆಯ ಅನ್ನವನ್ನು ಒಂದೇ ಸಾಲಿನಲ್ಲಿ ಕುಳಿತು ಉಂಡ ಮಕ್ಕಳು ದೊಡ್ಡವರಾದ ಮೇಲೆ ಪಂಕ್ತಿಭೇದ ಮಾಡಲು ಹಿಂಜರಿದಾರು ಎಂಬ ಎಣಿಕೆಯೂ ಅದರಲ್ಲಿತ್ತು.

ಹಾಗಿದ್ದೂ ಅಡುಗೆಯವಳ ಜಾತಿ ಕೇಳಿ ತಂದೆತಾಯಿಗಳು ಮಕ್ಕಳನ್ನು ಊಟದಿಂದ ಎಬ್ಬಿಸಿಕೊಂಡು ಹೋದ ಪ್ರಸಂಗಗಳು ನಮ್ಮ ರಾಜ್ಯದಲ್ಲಿ ನಡೆದಿವೆ. ಅಂಥ ದಿನ ಶಾಲೆಯಲ್ಲಿ ಏನಾಗುತ್ತದೆಂದು ಯೋಚಿಸಿ ನೋಡಿರಿ. ಎದ್ದು ಹೋದ ಮಗುವಿಗೆ ಹಸಿವು. ತಟ್ಟೆಯ ಮುಂದೆ ಕುಳಿತೇ ಉಳಿದ ಮಗುವಿಗೆ, ಬಡಿಸುತ್ತಿರುವಾಕೆ ತನ್ನ ಸ್ವಂತ ಚಿಕ್ಕಮ್ಮನೋ ನೆರೆಮನೆಯವಳೋ ಆಗಿದ್ದರೆ, ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಬಡಿಸುವಾಕೆ ಸೌಟು ಹಿಡಿದು ನಿಂತೇ ಇರುತ್ತಾಳೆ. ಎಂಟು ವರ್ಷದ ಮಗುವಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ; ಅದು ಎಲ್ಲವನ್ನೂ ತಿಳಿದುಕೊಳ್ಳುತ್ತದೆ. ಇಂಥ ಸಂದರ್ಭದಲ್ಲಿ ಉಪಾಧ್ಯಾಯರು ಮೊದಲು ಮಾಡತಕ್ಕ ಕೆಲಸವೆಂದರೆ ತಾವೇ ತಟ್ಟೆ ಹಿಡಿದು ಅದೇ ಸಾಲಿನಲ್ಲಿ ಕುಳಿತು ಉಣ್ಣುವುದು. ಶಾಲಾಭಿವೃದ್ಧಿ ಸಮಿತಿಯ ಸದಸ್ಯರಲ್ಲಿ ಬೇರೆ ಬೇರೆ ಕೇರಿಯ ಇಬ್ಬರು ಮೂವರು ಬಂದು ಜೊತೆಗೆ ಕುಳಿತರೆ ಇನ್ನೂ ಮೇಲು. ಸಂಧಾನದ ಹೆಸರಿನಲ್ಲಿ ಅಡುಗೆಯವಳನ್ನು ಬದಲಿಸುವುದು ಮಾತ್ರ ಕೂಡದು. ಹಾಗೆ ಮಾಡಿದರೆ ಜಗಳ ನಿಂತೀತು, ಆದರೆ ಶಾಲೆಯೇ ಅಸ್ಪೃಶ್ಯತೆಯನ್ನು ಒಪ್ಪಿಕೊಂಡಂತಾಯಿತು. ಅದು ಕಾನೂನಿಗೂ ವಿರುದ್ಧ.

ಇನ್ನು ಮಾತಿನ ವಿಷಯ. ಒಂದನೆಯ ತರಗತಿಗೆ ಬಂದ ತಾಂಡಾದ ಮಗು ಬಾಯಿ ಬಿಡದೆ ಕುಳಿತಿದ್ದರೆ ದಡ್ಡ ಮಗು ಎಂದು ಬರೆದುಬಿಡುವುದು ಸುಲಭ. ಆದರೆ ಆ ಮಗುವಿಗೆ ಮನೆಯಲ್ಲಿ ತಾಯಿ ‘ಯಾಡಿ’, ನೀರು ‘ಪಾಣಿ’. ಶಾಲೆಯಲ್ಲಿ ಕೇಳುವ ಮಾತು ಅದಕ್ಕೆ ಪೂರ್ತಿ ಹೊಸದು. ಮೊದಲ ವರ್ಷಗಳಲ್ಲಿ ಮಗುವಿಗೆ ಅದರ ಮನೆಮಾತಿನ ಆಸರೆ ಇರಬೇಕೆಂದು ಯುನೆಸ್ಕೋ ಸಂಸ್ಥೆ 1953ರಷ್ಟು ಹಿಂದೆಯೇ ಪ್ರಕಟಿಸಿದ ವರದಿ ಹೇಳಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂಬ 350ಎ ವಿಧಿಯನ್ನು 1956ರಲ್ಲಿ ನಮ್ಮ ಸಂವಿಧಾನಕ್ಕೆ ಸೇರಿಸಲಾಯಿತು. ಪ್ರತಿ ಹಳ್ಳಿಯಲ್ಲಿ ಪ್ರತಿ ಭಾಷೆಗೂ ಒಬ್ಬೊಬ್ಬ ಉಪಾಧ್ಯಾಯರನ್ನು ನೇಮಿಸುವುದು ಆಗದ ಮಾತು, ನಿಜ. ಆದರೆ ಉಪಾಧ್ಯಾಯರು ಲಂಬಾಣಿಯ, ಉರ್ದುವಿನ, ತೆಲುಗಿನ ಇಪ್ಪತ್ತು ಇಪ್ಪತ್ತು ಮಾತು ಕಲಿಯುವುದು ಆಗದ ಮಾತಲ್ಲ. ಕಲಿಸುವವರು ಮಕ್ಕಳೇ.

ಒಂದು ಪಾಠವನ್ನು ಹೀಗೆ ನಡೆಸಿ ನೋಡಬಹುದು. ಕಪ್ಪು ಹಲಗೆಯ ಮೇಲೆ ‘ನೀರು’ ಎಂದು ಬರೆಯಿರಿ. ಮನೆಯಲ್ಲಿ ಇದಕ್ಕೆ ಏನೆನ್ನುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳಿರಿ. ತೆಲುಗು ಮನೆಯವರು ‘ನೀಳ್ಳು’ ಎನ್ನುವರು, ಲಂಬಾಣಿ ಮಗು ‘ಪಾಣಿ’ ಎನ್ನುವುದು, ಉರ್ದು ಮನೆಯ ಮಗು ‘ಪಾನಿ’. ಬಳಿಕ ‘ಮೂರು’ ಕೇಳಿರಿ: ತೆಲುಗಿನಲ್ಲಿ ‘ಮೂಡು’, ಉರ್ದು ಲಂಬಾಣಿಗಳಲ್ಲಿ ‘ತೀನ್’. ಕನ್ನಡವೂ ತೆಲುಗೂ ಅಕ್ಕತಂಗಿಯರು, ಲಂಬಾಣಿಯೂ ಉರ್ದುವೂ ಇನ್ನೊಂದು ಮನೆತನದ ಅಕ್ಕತಂಗಿಯರು ಎಂಬುದು ಮಕ್ಕಳಿಗೆ ತಾವಾಗಿಯೇ ಹೊಳೆಯುತ್ತದೆ. ಅಂದಿನ ತನಕ ಬಾಯಿ ಬಿಡದಿದ್ದ ಮಗು ಆ ದಿನ ಉಳಿದವರಿಗೆ ಕಲಿಸುವ ಮಗುವಾಗುತ್ತದೆ. ಇದರ ಲಾಭ ಭಾಷಾಪಾಠಕ್ಕಿಂತ ದೊಡ್ಡದು. ದೊಡ್ಡ ತರಗತಿಯವರಿಗೆ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ನಾವು ಅಚ್ಚಕನ್ನಡವೆಂದು ದಿನವೂ ಆಡುವ ರೈತ, ಜಮೀನು, ಫಸಲು, ಜಿಲ್ಲೆ, ತಾಲ್ಲೂಕು, ಅರ್ಜಿ, ಬಾಕಿ, ವಸೂಲಿ ಇವೆಲ್ಲ ಅರಬ್ಬಿ ಪಾರಸಿಗಳಿಂದ ಬಂದ ಮಾತುಗಳು. ಇವನ್ನು ಬಿಟ್ಟು ಒಂದು ದಿನ ತಾಲ್ಲೂಕು ಕಚೇರಿಯ ಕೆಲಸ ಮಾಡಿಸಿಕೊಂಡು ಬರಲಿ ನೋಡೋಣ!

ತಿನ್ನುವ ಕಾಳಿನ ಕಥೆಯೂ ಹೀಗೆಯೇ. ರಾಗಿಯೂ ಜೋಳವೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾ ಖಂಡದಿಂದ ಈ ನೆಲಕ್ಕೆ ಬಂದವು. ಕಡಲೆಕಾಯಿ, ಮೆಣಸಿನಕಾಯಿ, ಮೆಕ್ಕೆಜೋಳಗಳು ಅಮೆರಿಕದ ಕಡೆಯವು, ಪೋರ್ಚುಗೀಸರ ಕಾಲದ ಹಡಗಿನ ವ್ಯಾಪಾರದಿಂದ ಈಚೆಗೆ ಬಂದವು. ನಮ್ಮ ಸೀಮೆಯ ಹೊಲದಲ್ಲಿ ನಿಂತ ಬೆಳೆಯನ್ನು ನೋಡಿ ಇದು ಪರದೇಶದ್ದೆಂದು ಯಾವ ರೈತನೂ ಹೇಳುವುದಿಲ್ಲ.

ಬೇರೆ ಬೇರೆ ಮನೆಯ ಮಕ್ಕಳನ್ನು ಒಂದೆಡೆ ಸೇರಿಸಿದ ಮಾತ್ರಕ್ಕೆ ಸ್ನೇಹ ಹುಟ್ಟುತ್ತದೆಯೇ? ಹುಟ್ಟುವುದಿಲ್ಲ, ಕೆಲವು ವೇಳೆ ಜಗಳವೇ ಹೆಚ್ಚೀತು. ಈ ವಿಷಯವನ್ನು ವಿದ್ವಾಂಸರು ಬಹಳ ಕಾಲದಿಂದ ಪರೀಕ್ಷಿಸುತ್ತಿದ್ದಾರೆ. ಅಮೆರಿಕದ ಗಾರ್ಡನ್ ಆಲ್‌ಪೋರ್ಟ್ ಎಂಬವರು 1954ರಲ್ಲಿ ಬರೆದ ಪುಸ್ತಕದಲ್ಲಿ, ಬೇರೆ ಗುಂಪಿನವರು ಸರಿಸಮಾನರಾಗಿ ಸೇರಿದರೆ, ಎಲ್ಲರಿಗೂ ಬೇಕಾದ ಒಂದು ಕೆಲಸವನ್ನು ಕೂಡಿ ಮಾಡಿದರೆ, ಮೇಲಿನವರ ಬೆಂಬಲ ಅದಕ್ಕಿದ್ದರೆ ಮಾತ್ರ ಪರಸ್ಪರ ತಿರಸ್ಕಾರ ಕಡಿಮೆಯಾಗುತ್ತದೆಂದು ಹೇಳಿದರು. ಈಚೆಗೆ ಇದನ್ನು ನಮ್ಮ ದೇಶದ ಹಳ್ಳಿಗಳಲ್ಲೇ ನೋಡಿದ್ದಾರೆ. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞರು ಯುವಕರ ಕ್ರಿಕೆಟ್ ಪಂದ್ಯಾವಳಿ ಏರ್ಪಡಿಸಿ, ಕೆಲವು ತಂಡಗಳಲ್ಲಿ ಹಲವು ಜಾತಿಯವರನ್ನು ಬೆರೆಸಿದರು, ಕೆಲವನ್ನು ಒಂದೇ ಜಾತಿಯವರಿಂದ ಕಟ್ಟಿದರು. 2021ರಲ್ಲಿ ಪ್ರಕಟವಾದ ಅವರ ವರದಿಯ ಸಾರಾಂಶವಿದು: ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ಮೀರಿದ ಸ್ನೇಹ ಬೆಳೆಯಿತು, ಎದುರಾಳಿಗಳಾಗಿ ಮಾತ್ರ ಭೇಟಿಯಾದವರಲ್ಲಿ ಅಂಥ ಸ್ನೇಹ ಬೆಳೆಯಲಿಲ್ಲ, ಬದಲಿಗೆ ಕುಂದಿತು.

ನಮ್ಮ ಯುವಕ ಸಂಘಗಳು ಇದನ್ನು ಗಮನಿಸತಕ್ಕದ್ದು. ಹಟ್ಟಿಯ ತಂಡಕ್ಕೂ ಊರಿನ ತಂಡಕ್ಕೂ ಕಬಡ್ಡಿ ಪಂದ್ಯ, ತಾಂಡಾ ತಂಡಕ್ಕೂ ಕಾಲೋನಿ ತಂಡಕ್ಕೂ ವಾಲಿಬಾಲ್ ಎಂದು ಏರ್ಪಡಿಸುವುದು ನೋಡಲು ಉತ್ಸಾಹದ ಸಂಗತಿ. ಪಂದ್ಯ ಮುಗಿದ ಮೇಲೆ ಕಲ್ಲು ಹಾರುವುದೂ ಅಲ್ಲಿಯೇ. ಎಲ್ಲರ ಹೆಸರನ್ನೂ ಚೀಟಿ ಎತ್ತಿ ತಂಡ ಕಟ್ಟಿರಿ. ತಂಡಕ್ಕೆ ಕೇರಿಯ ಹೆಸರಿಡದೆ ವೇದಾವತಿ, ತುಂಗಭದ್ರಾ, ಜೋಗಿಮಟ್ಟಿ ಎಂದು ಇಡಿರಿ.

ಪಾಠದ ಕೊಠಡಿಯಲ್ಲಿ ಇದೇ ತತ್ತ್ವವನ್ನು ನಡೆಸುವ ಒಂದು ಉಪಾಯವುಂಟು. 1971ರಲ್ಲಿ ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಆಸ್ಟಿನ್ ನಗರದಲ್ಲಿ ಕರಿಯ, ಬಿಳಿಯ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿದಾಗ ಹೊಡೆದಾಟಗಳಾದವು. ಎಲಿಯಟ್ ಆರನ್‌ಸನ್ ಎಂಬ ಮನಶ್ಶಾಸ್ತ್ರಜ್ಞರು ಅಲ್ಲಿ ಪಾಠವನ್ನು ತುಂಡು ತುಂಡಾಗಿ ಹಂಚಿಕೊಟ್ಟರು. ಅದನ್ನು ನಮ್ಮ ಶಾಲೆಗೆ ಹೊಂದಿಸಿ ಹೇಳುವುದಾದರೆ ಹೀಗೆ. ಐದನೆಯ ತರಗತಿಗೆ ವಾಣಿವಿಲಾಸ ಸಾಗರದ ಪಾಠವೆಂದಿಟ್ಟುಕೊಳ್ಳಿ. ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ, ಒಂದೊಂದು ಗುಂಪಿನಲ್ಲೂ ಬೇರೆ ಬೇರೆ ಕೇರಿಯವರಿರಲಿ. ಮೊದಲನೆಯ ಮಗುವಿಗೆ ವೇದಾವತಿ ಎಲ್ಲಿ ಹುಟ್ಟಿ ಎಲ್ಲಿ ಹರಿಯುತ್ತದೆಂಬ ಭಾಗ ಕೊಡಿರಿ. ಎರಡನೆಯದಕ್ಕೆ 1898ರಿಂದ 1907ರ ವರೆಗೆ ಮಾರಿಕಣಿವೆಯಲ್ಲಿ ಅಣೆಕಟ್ಟು ಕಟ್ಟಿದ ಸಂಗತಿ. ಮೂರನೆಯದಕ್ಕೆ ಹಿರಿಯೂರು ಸೀಮೆಯಲ್ಲಿ ಆ ನೀರಿನಿಂದ ಬೆಳೆಯುವ ಬೆಳೆಗಳು. ನಾಲ್ಕನೆಯದಕ್ಕೆ 1933ರಲ್ಲಿ ಕೋಡಿ ಹರಿದ ಕೆರೆ ಮತ್ತೆ 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ, ಕೋಡಿ ಹರಿದ ಸಂಗತಿ. ಪ್ರತಿಯೊಬ್ಬರೂ ತಮ್ಮ ಭಾಗವನ್ನು ಓದಿಕೊಂಡು, ಬೇರೆ ಗುಂಪುಗಳಲ್ಲಿ ಅದೇ ಭಾಗ ಸಿಕ್ಕವರೊಡನೆ ಚರ್ಚಿಸಿ, ತಮ್ಮ ಗುಂಪಿಗೆ ಮರಳಿ ಉಳಿದ ಮೂವರಿಗೆ ಹೇಳಿಕೊಡಬೇಕು. ಕೊನೆಗೆ ಪ್ರಶ್ನೆಗಳು ನಾಲ್ಕೂ ಭಾಗದ ಮೇಲೆ.

ಇಲ್ಲಿಯ ಗುಟ್ಟೇನೆಂದರೆ, ಮೂರನೆಯ ಭಾಗ ಗೊಲ್ಲರ ಹಟ್ಟಿಯ ಹುಡುಗಿಯ ಬಳಿ ಇದ್ದರೆ, ಉತ್ತೀರ್ಣರಾಗಬೇಕೆನ್ನುವ ಉಳಿದ ಮೂವರೂ ಅವಳ ಮಾತನ್ನು ಕಿವಿಗೊಟ್ಟು ಕೇಳಲೇಬೇಕು. ಅವಳ ಕನ್ನಡ ತಡವರಿಸಿದರೆ ನಗುವುದರಿಂದ ಅವರಿಗೇ ನಷ್ಟ. ಪ್ರಶ್ನೆ ಕೇಳಿ ಹೇಳಿಸಿಕೊಳ್ಳುವುದರಿಂದ ಲಾಭ. ಮೊದಲ ಎರಡು ಮೂರು ದಿನ ಗದ್ದಲವಾದೀತು, ಉಪಾಧ್ಯಾಯರು ಬೇಸರಪಡಬಾರದು. ನಮ್ಮ ರಾಜ್ಯದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿಕಲಿ ಪದ್ಧತಿಯಿಂದ ಕಿರಿಯ ತರಗತಿಗಳಲ್ಲಿ ಗುಂಪಾಗಿ ಕಲಿಯುವ ರೂಢಿ ಈಗಾಗಲೇ ಇರುವುದರಿಂದ, ಇದು ಬಹಳ ಹೊಸ ಕೆಲಸವೂ ಅಲ್ಲ.

ಚರಿತ್ರೆಯ ಪಾಠದಲ್ಲಿ ಎಚ್ಚರಿಕೆ ಹೆಚ್ಚು ಬೇಕು. ನಮ್ಮ ಜಿಲ್ಲೆಯಲ್ಲಿ ಒನಕೆ ಓಬವ್ವನ ಕಥೆ ಹೇಳದ ಶಾಲೆಯಿಲ್ಲ, ಹೇಳಬೇಕಾದದ್ದೇ. 2021ರಿಂದ ನವೆಂಬರ್ 11ರಂದು ಸರ್ಕಾರವೇ ಅವಳ ಜಯಂತಿಯನ್ನು ಆಚರಿಸುತ್ತಿದೆ. ಆದರೆ ಹೈದರನ ಸೈನಿಕರು ಕಿಂಡಿಯಿಂದ ನುಸುಳಿದರು ಎಂದು ಹೇಳುವ ಹೊತ್ತಿಗೆ ತರಗತಿಯ ನಾಲ್ಕು ತಲೆಗಳು ಹಿಂದಿನ ಸಾಲಿನ ಒಬ್ಬ ಮುಸಲ್ಮಾನ ಹುಡುಗನ ಕಡೆ ತಿರುಗಿದರೆ, ಆ ಕಥೆ ಆಗಲೇ ಕೆಟ್ಟಿತೆಂದು ತಿಳಿಯಬೇಕು. ಆ ಹುಡುಗ ಯಾವ ಕೋಟೆಗೂ ಮುತ್ತಿಗೆ ಹಾಕಿಲ್ಲ.

ಕಥೆಯನ್ನು ಪೂರ್ತಿಯಾಗಿ ಹೇಳಿದರೆ ಈ ತೊಂದರೆ ಬರುವುದಿಲ್ಲ. ಪಾಳೆಯಗಾರರ ಕಾಲದ ಯುದ್ಧಗಳು ಅರಸನಿಗೂ ಅರಸನಿಗೂ ನಡೆದವು, ಮತಕ್ಕೂ ಮತಕ್ಕೂ ಅಲ್ಲ. 1748ರ ಸುಮಾರಿಗೆ ಮಾಯಕೊಂಡದಲ್ಲಿ ನಡೆದ ದೊಡ್ಡ ಕಾಳಗದಲ್ಲಿ ಚಿತ್ರದುರ್ಗದ ಮದಕರಿ ನಾಯಕನ ಎದುರು ನಿಂತವರು ಬಿದನೂರು, ರಾಯದುರ್ಗ, ಹರಪನಹಳ್ಳಿ, ಸವಣೂರಿನವರು. ಅವನ ಪಕ್ಷದಲ್ಲಿ ಹೋರಾಡಿದವನು ಚಂದಾಸಾಹೇಬ. ಆ ಕಾಳಗದಲ್ಲಿ ಚಂದಾಸಾಹೇಬನ ಮಗ ಸತ್ತ, ಅವನೇ ಸೆರೆಯಾದ. ಮದಕರಿ ಬಿದ್ದದ್ದು ಹರಪನಹಳ್ಳಿಯ ಪಾಳೆಯಗಾರನ ಕೈಯಿಂದ. 1779ರಲ್ಲಿ ಕೋಟೆಯನ್ನು ತೆಗೆದುಕೊಂಡ ಹೈದರಾಲಿಯ ಆಡಳಿತದಲ್ಲಿ ಪೂರ್ಣಯ್ಯನಂಥವರಿದ್ದರು. ಕೋಟೆ ಬಿದ್ದ ಮೇಲೆ ಸಾವಿರಾರು ಬೇಡರನ್ನು ಹೈದರ್ ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದೂ ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಓಬವ್ವನ ಕಥೆಯಲ್ಲಿ ಮಕ್ಕಳು ಮರೆಯಬಾರದ ಇನ್ನೊಂದು ಸಂಗತಿಯುಂಟು. ಕೋಟೆಯನ್ನು ಕಾಯ್ದ ಆ ಹೆಂಗಸು ಛಲವಾದಿ ಕುಲದವಳೆಂದು ಪರಂಪರೆ ಹೇಳುತ್ತದೆ. ಅವಳ ಕುಲದವರಿಗೆ ಊರ ಬಾವಿಯ ನೀರು ಸೇದಲು ಎಷ್ಟು ಕಾಲ ಬಿಡಲಿಲ್ಲವೆಂಬ ಪ್ರಶ್ನೆಯನ್ನು ಏಳನೆಯ ತರಗತಿಯ ಮಕ್ಕಳು ಕೇಳಿದರೆ ಉಪಾಧ್ಯಾಯರು ಸುಮ್ಮನಾಗಿಸಬಾರದು.

ತುರುವನೂರಿನದೇ ಕಥೆಗೂ ಈ ಮಾತು ಸಲ್ಲುತ್ತದೆ. 1939ರಲ್ಲಿ ಇಲ್ಲಿ ನಡೆದ ಈಚಲು ಮರದ ಸತ್ಯಾಗ್ರಹ ನಾಡಿಗೆಲ್ಲ ಗೊತ್ತು. ಚಿತ್ರದುರ್ಗದಲ್ಲಿ ವಕೀಲರಾಗಿದ್ದ, ಮುಂದೆ 1956ರಲ್ಲಿ ರಾಜ್ಯದ ಮುಖ್ಯಮಂತ್ರಿಗಳಾದ ಎಸ್. ನಿಜಲಿಂಗಪ್ಪನವರು ಅದರ ಮುಂದಾಳುಗಳಲ್ಲೊಬ್ಬರು. ಹೆಂಗಸರೂ ಅದರಲ್ಲಿ ಸೇರಿದ್ದರು. ಊರಿನ ಮಕ್ಕಳು ಹೆಮ್ಮೆಪಡತಕ್ಕ ಪ್ರಸಂಗ. ಆದರೆ ಈಚಲು ಮರದಿಂದ ಸೇಂದಿ ಇಳಿಸಿ ಹೊಟ್ಟೆ ಹೊರೆಯುವುದೂ ಒಂದು ಕುಲದ ಕಸುಬಾಗಿತ್ತು. ಅಂಥ ಮನೆತನದ ಮಗುವೂ ತರಗತಿಯಲ್ಲಿದ್ದೀತು. ಹೋರಾಟ ಸರ್ಕಾರದ ಅಬಕಾರಿ ವರಮಾನದ ವಿರುದ್ಧ, ಕುಡಿತದ ವಿರುದ್ಧ, ಆ ಮನೆಯವರ ವಿರುದ್ಧವಲ್ಲ ಎಂದು ಒಂದು ಮಾತು ಸೇರಿಸಿದರೆ ಕಥೆಯ ಮಹಿಮೆ ಕಡಿಮೆಯಾಗುವುದಿಲ್ಲ.

ಹಬ್ಬಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ, ನಮ್ಮ ಹಿರಿಯರು ನಮಗಿಂತ ಮುಂದಿದ್ದರು. ಮೊಹರಮ್ಮನ್ನು ಪೀರಲ ಹಬ್ಬ, ಬಾಬಯ್ಯನ ಹಬ್ಬ ಎಂದು ಕರೆದು, ಮುಸಲ್ಮಾನರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲೂ ಹರಕೆ ಹೊತ್ತು ನಡೆಸುವುದು ಕರ್ನಾಟಕದಲ್ಲಿ ಹಳೆಯ ರೂಢಿ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಜಾತ್ರೆಗೆ ಯಾವ ಕುಲದವರು ಬರುವುದಿಲ್ಲ ಹೇಳಿರಿ. ಶಾಲೆಯವರು ಮಾಡಬೇಕಾದದ್ದಿಷ್ಟೆ: ಮಕ್ಕಳು ಕಂಡ ಹಬ್ಬವನ್ನು ಅವರಿಂದಲೇ ಹೇಳಿಸಿ, ಯಾವ ಮಗುವಿನ ಮೇಲೂ ಇನ್ನೊಬ್ಬರ ಪೂಜೆಯನ್ನು ಹೇರದಿರುವುದು.

ಇಲ್ಲಿ ಒಂದು ಕಷ್ಟದ ಪ್ರಶ್ನೆ ಏಳುತ್ತದೆ. ಇನ್ನೊಬ್ಬರ ಆಚಾರವನ್ನು ಗೌರವಿಸು ಎಂದರೆ ಎಲ್ಲ ಆಚಾರವನ್ನೂ ಒಪ್ಪಿಕೊ ಎಂದರ್ಥವೇ? ಗೊಲ್ಲರ ಹಟ್ಟಿಗಳ ಉದಾಹರಣೆಯನ್ನೇ ನೋಡಿರಿ. ಕಾಡುಗೊಲ್ಲರ ಹಾಡುಗಾರಿಕೆ ಕನ್ನಡದ ದೊಡ್ಡ ಆಸ್ತಿ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದುಬರಹ ಬಾರದಾಕೆ, ಸಾವಿರಾರು ಪದಗಳನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡಿದ್ದಳು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವಳಿಗೆ ನಾಡೋಜ ಗೌರವ ಕೊಟ್ಟಿತು. ಹಟ್ಟಿಯ ಮಕ್ಕಳು ಜುಂಜಪ್ಪನ ಹಾಡನ್ನು ಶಾಲೆಯಲ್ಲಿ ಹಾಡಿದರೆ ಉಳಿದವರು ಕೈಕಟ್ಟಿ ಕೇಳಬೇಕು. ಆದರೆ ಮುಟ್ಟಾದ ಹುಡುಗಿಯನ್ನೂ ಹೆತ್ತ ಬಾಣಂತಿಯನ್ನೂ ಹಟ್ಟಿಯ ಹೊರಗಿನ ಗುಡಿಸಿಲಲ್ಲಿ ಇರಿಸುವ ವಾಡಿಕೆ ಕೆಲವೆಡೆ ಇನ್ನೂ ಇದೆ. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಹೀಗೆ ಹೊರಗಿರಿಸಿದ ಬಾಣಂತಿಯ ಕೂಸು ತೀರಿಹೋಯಿತು. ಇದನ್ನು ಆಚಾರವೆಂದು ಸಹಿಸಲಾಗದು.

ಹೇಳುವ ಬಗೆ ಮಾತ್ರ ಮುಖ್ಯ. ತರಗತಿಯಲ್ಲಿ ಹಟ್ಟಿಯ ಹುಡುಗಿಯನ್ನು ಎದ್ದು ನಿಲ್ಲಿಸಿ, ನಿಮ್ಮವರು ಹೀಗೆ ಮಾಡುತ್ತಾರಂತೆ ಎಂದು ಕೇಳಿದರೆ ಅವಳು ನಾಳೆಯಿಂದ ಶಾಲೆಗೆ ಬರಲಾರಳು, ಆಚಾರವೂ ನಿಲ್ಲದು. ಆರೋಗ್ಯ ಕಾರ್ಯಕರ್ತೆಯೊಡನೆ ಹಟ್ಟಿಗೆ ಹೋಗಿ ಅಲ್ಲಿಯ ಹಿರಿಯ ಹೆಂಗಸರೊಡನೆ ಕುಳಿತು ಮಾತಾಡಬೇಕು. ಹಟ್ಟಿಯಲ್ಲೇ ಓದಿದ ಹೆಣ್ಣುಮಕ್ಕಳು ಮುಂದೆ ಬಂದರೆ ಅವರ ಮಾತಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆ. ಮಕ್ಕಳಿಗೆ ಹೇಳಬೇಕಾದ ಅಳತೆಗೋಲು ಸರಳವಾದುದು: ಆಚಾರದಿಂದ ಯಾರಿಗಾದರೂ ನೋವೋ ಅವಮಾನವೋ ಆಗುವುದೇ? ಆಗುವುದಾದರೆ ಅದು ಯಾರ ಮನೆಯದಾದರೂ ಪ್ರಶ್ನಿಸತಕ್ಕದ್ದು, ಮೊದಲು ಸ್ವಂತ ಮನೆಯದು. ಪಂಕ್ತಿಭೇದ ಮಾಡುವ ಮನೆಯ ಮಗು ಹಟ್ಟಿಯ ಆಚಾರವನ್ನು ನೋಡಿ ನಗುವುದರಲ್ಲಿ ಅರ್ಥವಿಲ್ಲ. ಅಂದ ಹಾಗೆ ಸಹನೆ ಎಂಬ ಮಾತೇ ಈ ಲೇಖಕನಿಗೆ ಅಷ್ಟಾಗಿ ಒಗ್ಗುವುದಿಲ್ಲ. ಹಲ್ಲುನೋವನ್ನು ಸಹಿಸುತ್ತೇವೆ, ಪಕ್ಕದಲ್ಲಿ ಕುಳಿತ ಹುಡುಗನನ್ನು ಸಹಿಸಬೇಕಾಗಿಲ್ಲ, ಅವನೊಡನೆ ಮಾತಾಡಬೇಕು.

ಬೈಗುಳದ ವಿಷಯ ಕೊನೆಗೆ ಬಂದರೂ ದಿನವೂ ಎದುರಾಗುವಂಥದು. ಜಾತಿಯ ಹೆಸರು ಹಿಡಿದು ಬೈಯುವುದು, ಲಂಬಾಣಿ ಮಾತನ್ನು ಅಣಕಿಸುವುದು, ಮುಸಲ್ಮಾನ ಮಗುವನ್ನು ಬೇರೆ ದೇಶಕ್ಕೆ ಹೋಗೆನ್ನುವುದು, ಇವನ್ನು ಮಕ್ಕಳಾಟವೆಂದು ಬಿಡಬಾರದು, ಹೊಡೆಯಲೂ ಬಾರದು. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಮಗುವನ್ನು ಹೊಡೆಯುವುದೂ ಮಾನಸಿಕವಾಗಿ ಹಿಂಸಿಸುವುದೂ ನಿಷಿದ್ಧ. ಅಂದಿನ ವಿಷಯವನ್ನು ಅಂದೇ ವಿಚಾರಿಸಿರಿ. ನೊಂದ ಮಗುವನ್ನು ಎಲ್ಲರೆದುರು ಸಾಕ್ಷಿ ಹೇಳಲು ನಿಲ್ಲಿಸದೆ ಬೇರೆಯಾಗಿ ಕೇಳಿರಿ. ಬೈದ ಮಗುವನ್ನೂ ಬೇರೆಯಾಗಿ ಕರೆದು ಆ ಮಾತನ್ನು ಎಲ್ಲಿ ಕೇಳಿದೆಯೆಂದು ಕೇಳಿರಿ. ಬಹುತೇಕ ಉತ್ತರ ಮನೆಯ ಜಗುಲಿಯ ಕಡೆ ಬೆರಳು ತೋರಿಸುತ್ತದೆ. ಆಗ ಹೋಗಿ ಮಾತಾಡಬೇಕಾದದ್ದು ಜಗುಲಿಯಲ್ಲಿ ಕುಳಿತವರೊಡನೆ. ಶಿಕ್ಷಕರೇ ಮಗುವಿನ ಹೆಸರನ್ನು ಬಿಟ್ಟು ತಾಂಡಾದವನೇ, ಸಾಬಿಯೇ ಎಂದು ಕರೆಯುವ ಕಡೆ ಉಳಿದ ಯಾವ ಉಪಾಯವೂ ಫಲಿಸುವುದಿಲ್ಲ. ಮಗುವಿಗೆ ಹಿಂಸೆಯಾಗುತ್ತಿದ್ದು ಊರಿನಲ್ಲಿ ಕೇಳುವವರಿಲ್ಲವೆಂದಾದರೆ 1098 ಸಂಖ್ಯೆಗೆ ದುಡ್ಡಿಲ್ಲದೆ ಫೋನು ಮಾಡಬಹುದು.

ಇದೆಲ್ಲ ಉಪಾಧ್ಯಾಯರೊಬ್ಬರಿಂದ ಆಗದು. ಪೋಷಕರು ಶಾಲೆಯ ಮೇಲ್ವಿಚಾರಣೆಯಲ್ಲಿ ಭಾಗವಹಿಸಲೆಂದು 2001ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಏರ್ಪಟ್ಟವು. ಆ ಸಭೆಗಳಲ್ಲಿ ಕಟ್ಟಡದ ಸುಣ್ಣ, ಕಾಂಪೌಂಡಿನ ಗೋಡೆ, ನಲ್ಲಿಯ ರಿಪೇರಿಗಳ ಮಾತೇ ಹೆಚ್ಚು, ಅವೂ ಬೇಕು. ಮುಂದಿನ ಸಭೆಗೆ ಹೋದಾಗ ನೀವು ಮುಖ್ಯೋಪಾಧ್ಯಾಯರನ್ನು ಮೂರು ಸಂಗತಿ ಕೇಳಿರಿ. ಈ ತಿಂಗಳು ಕಸ ಗುಡಿಸಿದ ಮಕ್ಕಳ ಸರದಿ ಪಟ್ಟಿ ಎಲ್ಲಿದೆ? ಕಳೆದ ವಾರ ಊಟದ ಸಾಲಿನಲ್ಲಿ ಕೂಡದೆ ಎದ್ದುಹೋದ ಮಕ್ಕಳುಂಟೆ, ಇದ್ದರೆ ಏಕೆ? ಒಂದನೆಯ ತರಗತಿಯಲ್ಲಿ ಮನೆಯ ಮಾತು ಕನ್ನಡವಲ್ಲದ ಮಕ್ಕಳು ಎಷ್ಟು, ಅವರಲ್ಲಿ ಈ ವರ್ಷ ಶಾಲೆ ಬಿಟ್ಟವರೆಷ್ಟು? ಪಟ್ಟಿ ಇಲ್ಲವೆಂದರೆ ಆ ಸಭೆಯಲ್ಲೇ ಒಂದು ಹಾಳೆ ತರಿಸಿ ಬರೆಯಿಸಿ, ಬಾಗಿಲ ಪಕ್ಕದ ಗೋಡೆಗೆ ಅಂಟಿಸಿ ಬನ್ನಿರಿ.